ಎಣ್ಣೆ ಹಚ್ಚಿದ ಕೈಯ ಅಳತೆ

ಸ್ಕೂಟರಿನಿಂದ ಬಿದ್ದು ಬಲಗೈ ಹೆಬ್ಬೆರಳಿನ ಬುಡ ಮುರಿದಿತ್ತು. ಪ್ಲಾಸ್ಟರ್ ಬಿಚ್ಚಿದ ಮೇಲೂ ಕತ್ತರಿ ಹಿಡಿಯಲು ಆಗುತ್ತಿರಲಿಲ್ಲ. ಸುಳ್ಯದಲ್ಲಿ ಇಪ್ಪತ್ತು ವರ್ಷದಿಂದ ರವಿಕೆ ಹೊಲಿಯುವವಳು ನಾನು. ಹೊಲಿಗೆ ಹೇಗೋ ನಡೆಯುತ್ತಿತ್ತು. ಬಟ್ಟೆ ಕತ್ತರಿಸಲು ಮಾತ್ರ ಎದುರಂಗಡಿಯ ಟೈಲರನ ಕಾಲು ಹಿಡಿಯಬೇಕಿತ್ತು. ಅವನು ಕತ್ತರಿಸಿದ ಕುತ್ತಿಗೆ ನನಗೆ ಒಂದು ದಿನವೂ ಸರಿ ಕಂಡಿಲ್ಲ. ಹೊಟ್ಟೆಕಿಚ್ಚು ಅನ್ನಿ, ಪರವಾಗಿಲ್ಲ.

ಪುತ್ತೂರಿನ ಕ್ಲಿನಿಕ್ಕಿನಲ್ಲಿ ಫಿಸಿಯೊಥೆರಪಿ ಮಾಡಿಸುವ ಹುಡುಗಿ, "ನಿಮ್ಮ ಕೈ ಸ್ಕ್ಯಾನ್ ಮಾಡಿ, ಅದೇ ಅಳತೆಗೆ ತ್ರೀಡಿ ಪ್ರಿಂಟರಲ್ಲಿ ಒಂದು ಪಟ್ಟಿ ಮಾಡುವ. ಹೆಬ್ಬೆರಳಿಗೆ ಆಧಾರ ಆಗ್ತದೆ" ಎಂದಳು. ಅಳತೆ ಎಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು.

ಸ್ಕ್ಯಾನಿನ ದಿನ ಬೆಳಿಗ್ಗೆ, ಆಸ್ಪತ್ರೆಯವರ ಎದುರು ಒಣಕಲು ಕೈ ಚಾಚುವುದು ಹೇಗೆಂದು, ಮೊಣಕೈಯಿಂದ ಬೆರಳ ತುದಿವರೆಗೆ ತೆಂಗಿನೆಣ್ಣೆ ತಿಕ್ಕಿಕೊಂಡು ಬಸ್ಸು ಹತ್ತಿದೆ. ಅವಳು ಇಸ್ತ್ರಿಪೆಟ್ಟಿಗೆಯಷ್ಟು ದೊಡ್ಡ ಯಂತ್ರವನ್ನು ಕೈಯ ಸುತ್ತ ಆಡಿಸಿದಳು. ಕಂಪ್ಯೂಟರಿನಲ್ಲಿ ನನ್ನ ಕೈ ಇಲಿ ಕಡಿದ ಬಟ್ಟೆಯ ಹಾಗೆ ತೂತು ತೂತಾಗಿ ಮೂಡಿತು. ಮೂರು ಸಲ ಮಾಡಿದರೂ ಅದೇ ಕತೆ. ಒಳಗೆ ಇನ್ನೇನೋ ಕೆಟ್ಟಿದೆ ಎಂದು ಜೀವ ಬಾಯಿಗೆ ಬಂತು.

ಅವಳು ಕೈ ಮುಟ್ಟಿ ನೋಡಿದಳು. "ಎಂತ ಅಕ್ಕ ಇದು, ಎಣ್ಣೆ ಹಚ್ಚಿದ್ದೀರಾ? ಹೊಳೆದರೆ ಮಿಷಿನಿಗೆ ಸರಿ ಕಾಣುದಿಲ್ಲ."

"ಸ್ವಲ್ಪ ಉಂಟು," ಎಂದೆ.

"ಇದು ಸ್ವಲ್ಪವಾ? ಇದರಲ್ಲಿ ಬಾಳೆಕಾಯಿ ಪೋಡಿ ಕಾಯಿಸಬಹುದು ಮಾರಾಯ್ರೆ!"

ಸೋಪು ಹಾಕಿ ತೊಳೆಸಿ, ಮುಖದ ಪೌಡರ್ ಬಳಿದು ಮತ್ತೆ ಸ್ಕ್ಯಾನ್ ಮಾಡಿದಳು. ಈಗ ಕೈ ಪೂರ್ತಿ ಬಂತು, ಉಗುರಿನ ಸಮೇತ.

ವಾರದ ನಂತರ ಪಟ್ಟಿ ಸಿಕ್ಕಿತು. ತೂತು ತೂತಿನ, ಹಗುರವಾದ ಹಸಿರು ಪ್ಲಾಸ್ಟಿಕ್. ಎಲ್ಲೂ ಬಿಗಿಯಿಲ್ಲ, ಎಲ್ಲೂ ಸಡಿಲವಿಲ್ಲ. ಬೇರೆಯವರ ಫಿಟ್ಟಿಂಗನ್ನು ನಾನು ಸುಲಭಕ್ಕೆ ಒಪ್ಪುವವಳಲ್ಲ, ಇದನ್ನು ಒಪ್ಪಿದೆ. ಅದನ್ನು ತೊಟ್ಟು ಒಂದು ತಿಂಗಳು ಮನೆಯ ಹಳೆ ಲುಂಗಿಗಳನ್ನೆಲ್ಲ ಕತ್ತರಿಸಿ ಅಭ್ಯಾಸ ಮಾಡಿದೆ.

ಆಮೇಲೆ ಮಂಡೆಕೋಲು ಊರಿನ ಗಿರಾಕಿಯೊಬ್ಬಳು ಮಗಳ ಮದುವೆಯ ರೇಷ್ಮೆ ರವಿಕೆ ಬಟ್ಟೆ ತಂದಳು. "ಕಟ್ ಮಾಡುದು ನೀವೇ ಅಲ್ವಾ ಅಕ್ಕ?"

"ನಾನೇ," ಎಂದೆ. ಅವಳ ಎದುರೇ ಗೆರೆ ಎಳೆದು ಶುರುಮಾಡಿದೆ. ತೋಳಿನ ತಿರುವಿನಲ್ಲಿ ಕತ್ತರಿ ಎಲ್ಲೂ ತಡೆಯದೆ, ನಡುಗದೆ ಸುತ್ತಿಬಂತು. ನನಗೆ ಕಣ್ಣೀರು ತಡೆಯಲಾಗಲಿಲ್ಲ.

ಆಕೆ ಗಾಬರಿಯಿಂದ ಎದ್ದೇ ನಿಂತಳು. "ಅಯ್ಯೋ, ಬಟ್ಟೆ ಹಾಳಾಯ್ತಾ?"

"ಇಲ್ಲ ಮಾರಾಯ್ತಿ," ಎಂದೆ, "ಸರಿಯಾಯ್ತು."