ಮಳೆಯ ವಹಿಯಲ್ಲಿ ಮೂರು ಸೊನ್ನೆ

ಹಿತ್ತಿಲಲ್ಲಿ ಮರೆತುಬಿಟ್ಟ ತಾಮ್ರದ ಕೊಡದ ಮೇಲೆ ಮಳೆಹನಿ ಬೀಳುವ ಸದ್ದಾದರೆ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಹೋಗಿ ಅದನ್ನು ಒಳಗೆ ತರುತ್ತೇನೆ. ಮಳೆಯಿಂದ ತಾಮ್ರಕ್ಕೆ ಏನಾಗುತ್ತದೆ ಎಂದು ಸೊಸೆ ನಗುತ್ತಾಳೆ. ಏನೂ ಆಗುವುದಿಲ್ಲ. ಆ ಸದ್ದನ್ನು ನಾನು ಕೇಳಲಾರೆ, ಅಷ್ಟೇ. ಅದು ಕಿವಿಗೆ ಬಿತ್ತೆಂದರೆ ಧಾರವಾಡದ ನಮ್ಮ ಹೈಸ್ಕೂಲು, ಅದರ ಕೆಂಪು ಹಂಚು, ಹಿಂದಿನ ಅಂಗಳದ ಬೇವಿನ ಮರ, ಮರದಿಂದ ದೂರ ಬಯಲಲ್ಲಿ ನೆಟ್ಟಿದ್ದ ಮಳೆ ಅಳೆಯುವ ತಾಮ್ರದ ಡಬ್ಬಿ, ಅದರ ಪಕ್ಕ ಧೋತರದ ಚುಂಗು ಎತ್ತಿ ಹಿಡಿದು ಬಗ್ಗಿ ನಿಂತ ವೆಂಕಣ್ಣ ಮಾಸ್ತರರು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬರುತ್ತವೆ. ಇವತ್ತು ಅದರಲ್ಲಿ ಒಂದೂ ಉಳಿದಿಲ್ಲ.

ಅದು ಮೂವತ್ತರ ದಶಕ. ತುಂಬಿ ತುಳುಕುವಷ್ಟು ಹುಡುಗರಿದ್ದ ಆ ಶಾಲೆಯಲ್ಲಿ ನಾವು ಹುಡುಗಿಯರು ಮೂರೇ ಜನ. ನಮ್ಮನ್ನು ಸೇರಿಸಿಕೊಂಡವರು ಹೆಡ್ಮಾಸ್ತರರು. ಕರಿ ಕೋಟು, ಜರಿಯಂಚಿನ ರುಮಾಲು, ಅಳೆದು ತೂಗಿ ಆಡುವ ಮಾತು. ಅವರ ಹೆಜ್ಜೆಯ ಸದ್ದು ಪಡಸಾಲೆಯಲ್ಲಿ ಕೇಳಿದರೆ ವರ್ಗಗಳ ಗದ್ದಲ ತಾನಾಗಿ ಇಳಿಯುತ್ತಿತ್ತು. ನಾವು ಕೂರಲೆಂದು ಮಾಸ್ತರರ ಮೇಜಿನ ಪಕ್ಕ ಬೇರೆ ಬಾಕು ಹಾಕಿಸಿದ್ದರು. ಇತಿಹಾಸದ ಮಾಸ್ತರರು ಮಸಿಬಾಟಲಿಗಳನ್ನೇ ಸಾಲಾಗಿ ನಿಲ್ಲಿಸಿ ಯುದ್ಧ ಮಾಡಿಸುತ್ತಿದ್ದರು. ಸಂಸ್ಕೃತದ ಆಚಾರ್ಯರು ಕಣ್ಣು ಮುಚ್ಚಿ ಶ್ಲೋಕ ಹೇಳುತ್ತಲೇ ಪಿಸುಗುಟ್ಟಿದ ಹುಡುಗನ ಹೆಸರು ಹಿಡಿದು ಕೂಗುತ್ತಿದ್ದರು. ಡ್ರಾಯಿಂಗ್ ಕೋಣೆಗೆ ಎಣ್ಣೆಬಣ್ಣದ ವಾಸನೆ, ಸೈನ್ಸ್ ಕೋಣೆಗೆ ಗಂಧಕದ ವಾಸನೆ. ಕಣ್ಣು ಕಟ್ಟಿ ಬಿಟ್ಟಿದ್ದರೂ ಎಲ್ಲಿದ್ದೇನೆಂದು ಹೇಳುತ್ತಿದ್ದೆ. ಅಂಥ ಮಾಸ್ತರರು ಒಂದೇ ಸೂರಿನಡಿ ಸಿಕ್ಕಿದ್ದು ನಮ್ಮ ಪುಣ್ಯ ಎಂದು ಈಗ ಅನ್ನುತ್ತೇನೆ. ಆಗ ರವಿವಾರ ಯಾವಾಗ ಬರುತ್ತದೆಂದು ಕಾಯುತ್ತಿದ್ದೆ.

ಸೈನ್ಸ್ ಕಲಿಸುತ್ತಿದ್ದ ವೆಂಕಣ್ಣ ಮಾಸ್ತರರಿಗೆ ಮಳೆಯ ಹುಚ್ಚು. ದಿನಾ ಮುಂಜಾನೆ ಎಂಟಕ್ಕೆ ಡಬ್ಬಿಯ ಬೀಗ ತೆಗೆದು, ಒಳಗಿನ ನೀರನ್ನು ಗೆರೆ ಕೊರೆದ ಗಾಜಿಗೆ ಸುರಿದು ಅಳೆದು, ಉದ್ದನೆಯ ವಹಿಯಲ್ಲಿ ಬರೆಯುತ್ತಿದ್ದರು. ಹದಿನಾರು ವರ್ಷದಿಂದ ಹೀಗೇ ನಡೆದಿತ್ತು. ಇಪ್ಪತ್ತು ತುಂಬಿದ ಮೇಲೆ ವಹಿಯನ್ನು ಪುಣೆಗೆ, ಹವಾಮಾನ ತಿಳಿದವರ ಬಳಿಗೆ ಕಳಿಸಬೇಕೆಂಬುದು ಅವರ ಜೀವದ ಆಸೆ. ಒಂದು ದಸರೆಯ ರಜೆಯಲ್ಲಿ ಅವರ ಅಕ್ಕ ಹಾಸಿಗೆ ಹಿಡಿದರೆಂದು ಒಂಬತ್ತು ದಿನ ಹುಬ್ಬಳ್ಳಿಗೆ ಹೋಗಬೇಕಾಯಿತು. ನಮ್ಮ ಮನೆ ಶಾಲೆಯ ಹಿಂದೆಯೇ ಇತ್ತು. ಡಬ್ಬಿಯ ಕೀಲಿ ನನಗೆ ಕೊಡುತ್ತೇನೆಂದರು. ಆಚಾರ್ಯರಿಗೆ ಸೇರಲಿಲ್ಲ. “ಹುಡುಗೀರ ಕೈಯಾಗ ಇಂಥಾದ್ದು ಕೊಡಬಾರದ್ರಿ,” ಎಂದರು. ಹೆಡ್ಮಾಸ್ತರರು ತಲೆ ಎತ್ತದೆ, “ಹುಡುಗಿ ಬರದ ಅಂಕಿ ಬ್ಯಾರೆ ಇರತದೇನ್ರಿ? ಕೊಡ್ರಿ,” ಎಂದರು. ಆ ಮಾತು ಕೇಳಿ ನಾನು ನೆಲದ ಮೇಲೆ ನಡೆಯಲಿಲ್ಲ.

ಮಾಸ್ತರರು ವಹಿ ತೆರೆದು ತೋರಿಸಿದರು. “ನೋಡು ನೀಲಾ, ಡಬ್ಬಿ ನೋಡಿ ನೀರಿಲ್ಲಂದ್ರ ಸೊನ್ನಿ. ನೋಡಲಿಕ್ಕೇ ಆಗಲಿಲ್ಲಂದ್ರ ಗೀಟು. ಎರಡೂ ಒಂದಲ್ಲ.” ಹದಿನಾರು ವರ್ಷದಲ್ಲಿ ಒಂದೇ ಒಂದು ಗೀಟು ಇತ್ತು. ಅವರ ಹೆಂಡತಿ ತೀರಿಕೊಂಡ ದಿನದ್ದು.

ಆರು ದಿನ ಎಂಟು ಬಡಿಯುವ ಮೊದಲೇ ಹೋದೆ. ಏಳನೆಯ ದಿನ ನಸುಕಿನಲ್ಲೇ ಉಪ್ಪಿನಬೆಟಗೇರಿಯಿಂದ ಸೋದರಮಾವ ಬಂಡಿ ಕಟ್ಟಿಕೊಂಡು ಬಂದ. ಮಾವನ ಮಕ್ಕಳು ಬಂಡಿಯಲ್ಲೇ ಕೂತಿದ್ದರು, ಅವ್ವ ಆಗಲೇ ಗಂಟು ಕಟ್ಟಿದ್ದಳು. ನನಗೂ ಹೋಗುವ ಆಸೆ, ಸುಳ್ಳೇಕೆ. ಮೂರು ದಿನ ಉಂಡು, ಜೋಕಾಲಿ ಜೀಕಿ, ಒಂಬತ್ತನೆಯ ದಿನದ ಸಂಜೆ ತಿರುಗಿ ಬಂದೆವು. ಅಲ್ಲಿ ಒಂದು ಹನಿ ಬಿದ್ದಿರಲಿಲ್ಲ. ಧಾರವಾಡದ ನಮ್ಮ ಓಣಿಯಲ್ಲೂ ಧೂಳೇ ಇತ್ತು. ವಹಿ ಮುಂದಿಟ್ಟುಕೊಂಡು ಕೂತೆ. ಮೂರು ಗೀಟು ಎಳೆಯಬೇಕಿತ್ತು. ಆಚಾರ್ಯರ ಮುಖ ನೆನಪಾಯಿತು. ಹುಡುಗಿಯ ಕೈಗೆ ಬಂದ ಕೂಡಲೇ ಗೀಟು ಬಂದವು ಎನ್ನುವರು. ಮಾಸ್ತರರು ಹೆಂಡತಿಗಾಗಿ ಎಳೆದ ಗೀಟಿನ ಜೊತೆಗೆ ನನ್ನ ಜೋಕಾಲಿಯ ಗೀಟು ಹಾಕಲು ನಾಚಿಕೆಯೂ ಆಯಿತು. ದುಂಡಗೆ ಮೂರು ಸೊನ್ನೆ ಬರೆದೆ.

ಮರುದಿನ ಮುಂಜಾನೆ ವಹಿ ಹಿಡಿದು ಹೋದಾಗ ಮಾಸ್ತರರು ಆಗಲೇ ಬಂದಿದ್ದರು. ತಮ್ಮ ಹತ್ತಿರವಿದ್ದ ಇನ್ನೊಂದು ಕೀಲಿಯಿಂದ ಡಬ್ಬಿ ತೆಗೆದಿದ್ದರು. ಅವರ ಕೈಯ ಗಾಜಿನಲ್ಲಿ ನೀರಿತ್ತು, ಒಂದು ಇಂಚಿಗೂ ಮೇಲೆ. ಇನ್ನೊಂದು ಕೈಯಿಂದ ವಹಿ ತೆಗೆದುಕೊಂಡು ಹಾಳೆ ನೋಡಿದರು. ಬಹಳ ಹೊತ್ತು ನೋಡಿದರು.

“ಇದು ಯಾವ ದಿನದ ನೀರು, ತಂಗಿ?”

ಶಾಲೆಯ ಸಿಪಾಯಿ ಫಕೀರಪ್ಪನನ್ನು ಕರೆದು ಕೇಳಿದರು. “ಒಂದ ಸಲ ಜೋರ ಬಂತ್ರಿ. ಮಂಗಳವಾರನೋ ಬುಧವಾರನೋ, ನೆನಪಿಲ್ರಿ,” ಎಂದ ಅವನು. ಮಾಸ್ತರರು ಬಯ್ಯಲಿಲ್ಲ. ಎಲ್ಲಿ ಹೋಗಿದ್ದೆ ಎಂದೂ ಕೇಳಲಿಲ್ಲ. “ಮೂರು ಸೊನ್ನಿ ಸುಳ್ಳಾದ್ವು ಅಂದ್ರ ಉಳಿದ ಸೊನ್ನಿ ಖರೇ ಅಂತ ಯಾರಿಗೆ ಹೇಳ್ಲಿ?” ಎಂದು ತಮಗೇ ಹೇಳಿಕೊಂಡಂತೆ ಹೇಳಿ, ಗಾಜಿನ ನೀರನ್ನು ಬೇವಿನ ಬುಡಕ್ಕೆ ಸುರಿದರು.

ಆಮೇಲೂ ಅವರು ಎಂಟಕ್ಕೆ ಬರುತ್ತಿದ್ದರು. ಡಬ್ಬಿ ತೆಗೆದು ನೀರು ಚೆಲ್ಲಿ ಒರೆಸಿಡುತ್ತಿದ್ದರು, ಬರೆಯುತ್ತಿರಲಿಲ್ಲ. ತಪ್ಪು ತಮ್ಮದೇ ಎಂದು ಹೆಡ್ಮಾಸ್ತರರಿಗೆ ಹೇಳಿದರಂತೆ. ಆಚಾರ್ಯರು ನನಗೆ ಒಂದು ಮಾತೂ ಅನ್ನಲಿಲ್ಲ, ಅಂದಿದ್ದರೆ ಮನಸ್ಸು ಹಗುರಾಗುತ್ತಿತ್ತು. ಮುಂದಿನ ವರ್ಷ, ನನಗಿಂತ ಚಿಕ್ಕ ಹುಡುಗಿಯೊಬ್ಬಳು ಸೈನ್ಸ್ ಕೋಣೆಯ ಕೀಲಿ ಕೇಳಲು ಹೋದಾಗ ನಾನೂ ಬಾಗಿಲಲ್ಲಿದ್ದೆ. “ಹುಡುಗೀರಿಗೆ ಕೀಲಿ ಕೊಡೂದು ಬ್ಯಾಡವ್ವಾ,” ಎಂದರು ಹೆಡ್ಮಾಸ್ತರರು. ಅಂದು ನನ್ನ ಪರವಾಗಿ ಮಾತಾಡಿದ ಅದೇ ದನಿ. ಆ ಹುಡುಗಿ ನನ್ನ ಮುಖ ನೋಡಿ ಹೊರಗೆ ನಡೆದಳು. ನನಗಿಂತ ಬಹಳ ಜಾಣೆ ಅವಳು. ಮರುವರ್ಷ ಅವಳ ಮದುವೆಯಾಯಿತು, ಶಾಲೆ ಬಿಟ್ಟಳು.

ವೆಂಕಣ್ಣ ಮಾಸ್ತರರು ಇಪ್ಪತ್ತು ವರ್ಷ ತುಂಬುವುದಕ್ಕೆ ಮೊದಲೇ ಜ್ವರದಲ್ಲಿ ತೀರಿಕೊಂಡರು. ನಾನು ಕ್ಷಮೆ ಕೇಳಿರಲಿಲ್ಲ; ನಾಳೆ ಕೇಳೋಣ, ನಾಳೆ ಕೇಳೋಣ ಎಂದು ದಿನ ದೂಡಿದ್ದೆ. ವಹಿ ರದ್ದಿಗೆ ಹೋಯಿತೆಂದು ಫಕೀರಪ್ಪ ಹೇಳಿದ. ಬೇವಿನ ಮರ ಇದ್ದಲ್ಲಿ ಈಗ ಗೋಡೆ ಇದೆ.

ನಿನ್ನೆಯೂ ಮಳೆ ಬಂತು. ಕೊಡ ಒಳಗೆ ತಂದೆ, ತಳದಲ್ಲಿ ಒಂದಿಷ್ಟು ನೀರಿತ್ತು. ಎಷ್ಟು ಬಿತ್ತು ಅಜ್ಜಿ ಎಂದು ಮೊಮ್ಮಗಳು ಕೇಳಿದಳು. ನೋಡಲಿಲ್ಲವ್ವಾ ಎಂದೆ. ಅಷ್ಟೇ ಹೇಳಬೇಕಾಗಿತ್ತು ಅಂದು ಕೂಡ, ಮೂರು ಗೀಟಿನಲ್ಲಿ.