ನೆಲಕ್ಕಿಳಿಯದ ಉಡಿಯಕ್ಕಿ

ನನ್ನ ತಮ್ಮ ಹಡಗಿನ ಎಂಜಿನ್ ಕೋಣೆಯಲ್ಲೇ ಆಯುಷ್ಯ ಕಳೆದವನು. ನಿವೃತ್ತನಾದ ಮೇಲೆ ಎಲ್ಲರ ಹಾಗೆ ಗದಗಿನಲ್ಲಿ ಒಂದು ಪ್ಲಾಟು ಕೊಳ್ಳುವುದು ಬಿಟ್ಟು, ಹಳೆಯ ಹಾಯಿದೋಣಿ ಕೊಂಡ. ತಿಂಗಳುಗಟ್ಟಲೆ ಅದರಲ್ಲೇ ತಿರುಗುತ್ತ ಇಂಡೋನೇಷ್ಯಾ ಮುಟ್ಟಿ ನನಗೆ ಫೋನು ಹಚ್ಚಿದ. "ಯಕ್ಕಾ, ಇಲ್ಲಿಂದ ಆಸ್ಟ್ರೇಲಿಯಾಕ್ಕ ಹೊಂಟೀನಿ. ಮಗಳ ಕುಬಸಕ್ಕ ತವರಮನಿಯಿಂದ ಒಂದರೆ ಹೆಣ್ಣುಜೀವ ಬ್ಯಾಡೇನು? ವಿಮಾನದಾಗ ಇಲ್ಲೀತನಕ ಬಾ, ಮುಂದ ದೋಣ್ಯಾಗ ಕರಕೊಂಡು ಹೋಗ್ತೀನಿ."

ಅವನ ಮಗಳು ಅಲ್ಲಿಯ ಉತ್ತರ ತುದಿಯ ಬಂದರೂರಿನಲ್ಲಿ ನರ್ಸು. ತಾಯಿ ಇಲ್ಲದ ಹುಡುಗಿ, ಬೆಟಗೇರಿಯಲ್ಲಿ ನನ್ನ ಕೈಯಲ್ಲೇ ಬೆಳೆದವಳು. ಈಗ ಏಳು ತಿಂಗಳ ಬಸುರಿ, ಕುಬಸದ ಸೀಮಂತ ಮಾಡುವ ಹೊತ್ತು. ಹೋಗದೆ ಇರಲು ನನ್ನಿಂದಾಗುತ್ತದೆಯೇ?

ಆದರೆ ಕುಬಸದಲ್ಲಿ ಉಡಿ ತುಂಬುವವಳು ಮುತ್ತೈದೆಯಾಗಿರಬೇಕು. ನನ್ನ ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಅಂದಿನಿಂದ ನಾನು ಯಾರ ಉಡಿಗೂ ಕೈ ಹಾಕಿದವಳಲ್ಲ. ಮಂದಿ ಬೇಡ ಎನ್ನುವ ಮೊದಲೇ ಅಡುಗೆಮನೆಗೆ ಸರಿದುಬಿಡುತ್ತಿದ್ದೆ. ಅದಕ್ಕೇ ಓಣಿಯ ಮುತ್ತೈದೆಯರ ಕೈಯಿಂದ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬು, ಹಸಿರು ಖಣ ಎಲ್ಲ ಗಂಟು ಕಟ್ಟಿಸಿಕೊಂಡೆ. ಅಲ್ಲಿ ಹುಡುಗಿಯ ನೆರೆಮನೆಯಲ್ಲಿ ಹುಬ್ಬಳ್ಳಿ ಕಡೆಯ ಒಬ್ಬಾಕೆ ಇದ್ದಳು. ಅವಳು ತುಂಬಲಿ, ನಾನು ಕಣ್ತುಂಬ ನೋಡಿ ಬರೋಣ ಅಂದುಕೊಂಡಿದ್ದೆ.

ಮುಂಡರಗಿ ಕಡೆಯ ತುಂಗಭದ್ರೆಗಿಂತ ದೊಡ್ಡ ನೀರು ಕಂಡವಳಲ್ಲ ನಾನು. ಆ ದೋಣಿ ನನ್ನನ್ನು ಮೊರದಲ್ಲಿಟ್ಟು ಕೇರಿದ ಹಾಗೆ ಕೇರಿತು. "ನಿನ್ನ ದೋಣಿಗಿಷ್ಟು ಬೆಂಕಿ ಹಚ್ಚಲಿ" ಎಂದು ತಮ್ಮನನ್ನು ಬೈಯುತ್ತ, ವಾಂತಿ ಮಾಡುತ್ತ ಮಲಗಿದ್ದೆ. ಒಂದು ಮಧ್ಯಾಹ್ನ ಅವನು ದಾರಿ ತೋರಿಸುವ ಯಂತ್ರದ ಪರದೆ ನೋಡಿ, "ಗಡಿ ದಾಟಿದ್ವಿ ನೋಡಕ್ಕಾ" ಎಂದ. ಎದ್ದು ನೋಡಿದರೆ ಹಿಂದೆಯೂ ನೀರು, ಮುಂದೆಯೂ ನೀರು.

"ಹುಚ್ಚಪ್ಪಾ, ನಮ್ಮ ಕಡಿ ಯಳವತ್ತಿ ಊರ ಸೀಮಿಗೂ ಒಂದು ಕಲ್ಲರೆ ಐತಿ" ಎಂದು ಮತ್ತೆ ಮಲಗಿದೆ.

ಬಂದರು ಸೇರಿದಾಗ ತಮ್ಮ ಹಳದಿ ಬಾವುಟ ಏರಿಸಿದ. ಅಧಿಕಾರಿಗಳು ಬಂದು ತಪಾಸಣೆ ಮುಗಿಸುವವರೆಗೆ ನಾವು ಇಳಿಯುವಂತಿಲ್ಲ, ಬೇರೆಯವರು ಹತ್ತುವಂತಿಲ್ಲ. ದೂರದ ಕಟ್ಟೆಯ ಮೇಲೆ ನಮ್ಮ ಹುಡುಗಿ ಸೀರೆಯುಟ್ಟು ನಿಂತಿದ್ದಳು. ಮುಖಕ್ಕಿಂತ ಮೊದಲು ಅವಳ ಹೊಟ್ಟೆ ಕಂಡಿತು. ನನಗೆ ಅಳು ತಡೆಯಲಾಗಲಿಲ್ಲ.

ತಪಾಸಣೆಗೆ ಬಂದವಳು ಚಿಕ್ಕ ವಯಸ್ಸಿನ ಅಧಿಕಾರಿ. ನನ್ನ ಗಂಟು ಬಿಚ್ಚಿ ನೋಡಿ ತಲೆಯಲ್ಲಾಡಿಸಿದಳು. ಹೊರಗಿನ ಕಾಳು, ಬೇರು, ಬೀಜ ಯಾವುದೂ ಅವರ ನೆಲಕ್ಕೆ ಇಳಿಯುವಂತಿಲ್ಲವಂತೆ. ಹುಳ ಬಂದರೆ ಬೆಳೆ ಹಾಳಾಗುತ್ತದಂತೆ.

ನನಗೆ ಸಿಟ್ಟು ನೆತ್ತಿಗೇರಿತು. "ಹುಳಾನ? ಕಣ್ಣಾಗ ಎಣ್ಣಿ ಬಿಟಗೊಂಡು ಹಸನ ಮಾಡೀನಿ ಅಂತ ಹೇಳು ಆಕಿಗೆ!"

ತಮ್ಮ ಅದರಲ್ಲಿ ಅರ್ಧ ನುಂಗಿ, ಇದು ಬಸುರಿ ಮಗಳಿಗೆ ತಂದದ್ದು ಎಂದಷ್ಟೇ ತಿಳಿಸಿದ. ಅವಳು ಕಟ್ಟೆಯ ಕಡೆ ನೋಡಿದಳು. ಸ್ವಲ್ಪ ಯೋಚಿಸಿ ಹೇಳಿದಳು: ಈಗ ಮಗಳು ದೋಣಿಗೆ ಬರಬಹುದು, ಇದನ್ನು ಇಲ್ಲೇ ಬೇಯಿಸಿ ಉಣ್ಣಬಹುದು. ನಾಳೆ ಬೆಳಿಗ್ಗೆ ಬಂದು ಉಳಿದದ್ದನ್ನು ಒಯ್ಯುತ್ತೇನೆ. ಪುಣ್ಯಾತಗಿತ್ತಿ, ಅಷ್ಟಾದರೂ ಮಾಡಿದಳು.

ಹುಡುಗಿ ದೋಣಿ ಹತ್ತಿ ಬಂದು ನನ್ನನ್ನು ತಬ್ಬಿಕೊಂಡಳು. ಚಾಪೆ ಹಾಸಿ ಕೂಡಿಸಿದೆ. "ಆ ಹುಬ್ಬಳ್ಳಿ ಕಡಿಯಾಕಿಗೆ ಫೋನ್ ಹಚ್ಚವಾ, ಜಲ್ದಿ ಬಂದು ಉಡಿ ತುಂಬಲಿ" ಎಂದೆ.

ಅವಳು ಫೋನು ತೆಗೆಯಲಿಲ್ಲ. ಸೆರಗು ಹಿಡಿದು ನನ್ನ ಮುಂದೆ ಒಡ್ಡಿದಳು. "ನೀ ತುಂಬು, ಅತ್ತಿ."

ಆಗ ನಾನು ಹೆದರಿದ್ದು ಊರಿನವರ ಮಾತಿಗಲ್ಲ. ಆ ಕೂಸಿಗೆ ಏನಾದರೂ ಆದರೆ ಈ ಕೈಯನ್ನು ಇಟ್ಟುಕೊಂಡು ಹೇಗೆ ಬದುಕಲಿ? "ಬ್ಯಾಡವಾ, ಹೊಟ್ಟ್ಯಾಗ ಕೂಸೈತಿ" ಎಂದೆ.

"ಐತಿ ಅಂತನ ಹೇಳಾಕತ್ತೀನಿ. ನನ್ನ ತಲಿ ಹಿಕ್ಕಿ ಜಡಿ ಹಾಕಿದ್ದು ನೀ, ಜ್ವರ ಬಂದ್ರ ಮಗ್ಗಲದಾಗ ಮಲಗಿದ್ದು ನೀ. ಆಗ ನನಗೇನೂ ಆಗಲಿಲ್ಲ, ಈಗೇನಾಕ್ಕೈತಿ? ಮಂದಿ ತುಂಬೂದಿದ್ರ ನನಗ ಉಡಿನ ಬ್ಯಾಡ. ನಾಳೆ ಆ ಆಫೀಸರ್ ಒಯ್ಯಲಿ."

ಹಟಮಾರಿ ಹುಡುಗಿ, ಒಡ್ಡಿದ ಸೆರಗು ಕೆಳಗಿಳಿಸಲಿಲ್ಲ. ಅವಳ ಹಣೆಗೆ ಕುಂಕುಮ ಹಚ್ಚಿದೆ. ಉಡಿಯಲ್ಲಿ ಖಣ, ಕೊಬ್ಬರಿ ಇಟ್ಟೆ. ಮೊದಲ ಬೊಗಸೆ ಅಕ್ಕಿ ಅರ್ಧ ಚಾಪೆಗೆ ಚೆಲ್ಲಿತು. ಎರಡನೆಯದಕ್ಕೆ ಕಣ್ಣು ಮಂಜಾಗಿ ಏನೂ ಕಾಣಿಸಲಿಲ್ಲ. ಐದನೆಯದು ಒಂದು ಕಾಳೂ ಚೆಲ್ಲದೆ ಉಡಿಗೆ ಬಿತ್ತು.

ಅತ್ತ ಮುಖ ಮಾಡಿ ಕೂತಿದ್ದ ತಮ್ಮ ಮೂಗೊರೆಸಿಕೊಂಡು, "ಯಕ್ಕಾ, ಐದಾತು. ಸಾಕು" ಎಂದ.

"ಸುಮ್ನ ಕುಂಡರಲೇ. ಇಷ್ಟು ವರ್ಷ ಯಾರ ಉಡೀನೂ ತುಂಬಿಲ್ಲ ನಾ" ಎಂದು ಮತ್ತೆ ಬೊಗಸೆ ತುಂಬಿಕೊಂಡೆ.