ಬೋರ್ಡು ಓದಿದ ಅಪ್ಪ

1996ರಲ್ಲಿ ಐದನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು, ಹೋದ ದುರ್ಗಾ ಪೂಜೆಯ ರಜೆಯಲ್ಲಿ ಕೋಲ್ಕತ್ತದ ಒಂದು ಮ್ಯೂಸಿಯಮ್ಮಿನ ಮುಚ್ಚಿದ ಗೇಟಿನ ಮುಂದೆ ಮಕ್ಕಳಿಬ್ಬರ ಕೈ ಹಿಡಿದು ನಿಂತಿದ್ದೆ. ಅಲ್ಲೇ ಹತ್ತಿರದ ಬಾರಾನಗರದಲ್ಲಿರುವ ನನ್ನ ಇಡ್ಲಿ ಅಂಗಡಿಗೆ ಸೋಮವಾರ ಮಾತ್ರ ರಜೆ. ಮ್ಯೂಸಿಯಮ್ಮಿನ ಟಿಕೆಟ್ಟಾದರೆ ನಮ್ಮಂಥವರ ಕೈಗೂ ಎಟುಕುತ್ತದೆ. ಗೇಟಿನ ಬೋರ್ಡು ಬಂಗಾಳಿ, ಇಂಗ್ಲಿಷಿನಲ್ಲಿತ್ತು. ಕನ್ನಡ ಬಿಟ್ಟರೆ ನನಗೆ ಬೇರೆ ಅಕ್ಷರ ಬಾರದು.

“ಎಂತ ಬರ್ದಿದ್ದಾರೆ ಅಪ್ಪ?” ಐದು ವರ್ಷದ ಮಗ ಕೇಳಿದ.

“ಹನ್ನೊಂದು ಗಂಟೆಗೆ ತೆರೀತಾರಂತೆ ಮಾರಾಯ” ಎಂದೆ, ಬೋರ್ಡನ್ನೇ ನೋಡುತ್ತಾ.

ನಾಲ್ಕನೇ ಕ್ಲಾಸಿನ ಮಗಳು ಬೋರ್ಡನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಮುಕ್ಕಾಲು ಗಂಟೆ ಬಿಸಿಲಲ್ಲಿ ಕಾದೆವು. ಕೊನೆಗೆ ಕಾವಲಿನವನು ಬಂದು, ಇವತ್ತು ಬಂದ್ ಎಂದು ಹಿಂದಿಯಲ್ಲಿ ಹೇಳಿ ಹೋದ. ಮಗ ಅಳತೊಡಗಿದ. “ಇವರದ್ದು ಹೀಗೇ, ಬರೆಯುವುದೊಂದು ಮಾಡುವುದೊಂದು” ಎಂದು ಬೈದು ಅವನನ್ನು ಎತ್ತಿಕೊಂಡೆ.

ವಾಪಸು ಮೆಟ್ರೊದಲ್ಲಿ ಅವನು ನನ್ನ ಹೆಗಲ ಮೇಲೆ ನಿದ್ದೆಹೋದ ಮೇಲೆ ಮಗಳು ಮೆಲ್ಲಗೆ ಹೇಳಿದಳು. “ಮಂಡೇ ಕ್ಲೋಸ್ಡ್ ಅಂತ ಇತ್ತು ಅಪ್ಪ.”

“ಮತ್ತೆ ಅಲ್ಲೇ ಹೇಳ್ಲಿಕ್ಕೆ ಎಂತ ಆಗಿತ್ತು ನಿಂಗೆ?” ಎಂದು ರೇಗಿದೆ.

“ನಿಂಗೆ ಓದ್ಲಿಕ್ಕೆ ಬರುದಿಲ್ಲಂತ ತಮ್ಮಂಗೆ ಗೊತ್ತಾಗ್ತಿತ್ತಲ್ಲ.”

ಯಾರ ಮುಂದೆಯೂ ಕೈಚಾಚದೆ ದುಡಿದು ತಿಂದವನು ನಾನು. ಒಂಬತ್ತು ವರ್ಷದ ಮಗಳು ನನ್ನ ಮಾನ ಕಾಯಬೇಕಾಯಿತಲ್ಲ. ಈಗ ನನಗಿರುವುದು ಒಂದು ಅಂಗಡಿ, ಇಬ್ಬರು ಮಕ್ಕಳು. ಅವರಲ್ಲಿ ಅಪ್ಪನಿಗೆ ಓದಲು ಬರುತ್ತದೆ ಎಂದು ನಂಬಿರುವವನು ಒಬ್ಬ.